ಕುರುಡನ ಮನೆಗೆ ಚಿನ್ನದ ಬಣ್ಣ

ನನ್ನ ಗಂಡ ಆಲ್ಫಿಯಸ್ ತೀರಿಕೊಂಡ ವರ್ಷ, ಕ್ರಿಸ್‌ಮಸ್ಸಿಗೆ ಮನೆಯೊಳಗೆಲ್ಲ ಚಿನ್ನದ ಬಣ್ಣ ಬಳೀಬೇಕು ಅಂತ ನಮ್ಮತ್ತೆ ಹಟ ಹಿಡಿದರು.

ಬಣ್ಣ ಬಳಿಯುವುದೇನೂ ಹೊಸದಲ್ಲ ಬಿಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಜನ ನಾವು. ಟ್ರಿನಿಡಾಡಿನಲ್ಲಿ ಡಿಸೆಂಬರ್ ಬಂತು ಅಂದರೆ ಮೇಜು ಕುರ್ಚಿಯೆಲ್ಲ ಅಂಗಳಕ್ಕೆ, ಹಳೇ ಪರದೆಯೆಲ್ಲ ಬಚ್ಚಲಿಗೆ, ಬ್ರಷ್ಷು ಎಲ್ಲರ ಕೈಗೆ. ಆದರೆ ಸಾವಾದ ಮನೆಯವರು ಆ ವರ್ಷ ಸುಮ್ಮನಿರುತ್ತಾರೆ, ತೀರಾ ಬಳಿಯಲೇಬೇಕು ಅಂದರೆ ಸುಣ್ಣದ ಹಾಗಿರೋ ಬಿಳಿ ಬಳಿಯುತ್ತಾರೆ. ಇವರಿಗೆ ಬೇಕಾಗಿದ್ದು ಚಿನ್ನ.

"ಹಳದಿ ಅಲ್ಲ ಕಣೇ ಒಡೆಟ್. ಹಳದಿ ಯಾರ ಮನೇಲಿಲ್ಲ ಹೇಳು? ಗಾಢವಾದ ಚಿನ್ನ. ನಮ್ಮನೇಲಿ ಯಾವತ್ತೂ ಇರದ ಬಣ್ಣ. ಅವನು ಬಾಗಿಲಿಗೆ ಬಂದು ಒಳಗೆ ನೋಡಿ, ಅಯ್ಯೋ, ಮನೆ ತಪ್ಪಿತಲ್ಲಾ ಅಂತ ವಾಪಸ್ಸು ಹೋಗಬೇಕು," ಅಂದರು.

ಅವನು ಅಂದರೆ ಆಲ್ಫಿಯಸ್. ಅವರ ಮಗ.

ಸತ್ತವರ ಒಂಬತ್ತನೇ ದಿನ ನಮ್ಮಲ್ಲಿ ಜನ ಸೇರುತ್ತಾರೆ. ಜಪ, ಹಾಡು, ಕಾಫಿ, ರಮ್ಮು, ಇಸ್ಪೀಟು, ಒಂದಿಷ್ಟು ಜಗಳ, ಎಲ್ಲ ಆದಮೇಲೆ ಮನೆಯೊಳಗಿನ ಸಾಮಾನನ್ನು ತಿರುಗುಮುರುಗು ಮಾಡುತ್ತಾರೆ. ಮಂಚದ ತಲೆ ಇದ್ದ ಕಡೆ ಕಾಲು ಬರಬೇಕು, ಮೇಜು ಆ ಮೂಲೆಯಿಂದ ಈ ಮೂಲೆಗೆ ಬರಬೇಕು. ಕೊನೇ ಸಲ ಮನೆ ನೋಡಲು ಬಂದ ಜೀವಕ್ಕೆ ಗುರುತು ಸಿಗಬಾರದು. ಗುರುತು ಸಿಗದಿದ್ದರೆ ತನ್ನ ದಾರಿ ಹಿಡಿದು ಹೋಗುತ್ತದೆ. ಸಿಕ್ಕರೆ ಇಲ್ಲೇ ಉಳಿದುಬಿಡುತ್ತದೆ, ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ.

ನಮ್ಮ ಮನೆಯಲ್ಲಿ ಅದು ಆಗಲಿಲ್ಲ. ನಾನು ಬಿಡಲಿಲ್ಲ. ಅವನು ಬಲೆ ಹೆಣೆಯುತ್ತಾ ಕೂರುತ್ತಿದ್ದ ಕುರ್ಚಿಯ ಮೇಲೆ ಕೂತುಬಿಟ್ಟೆ.

"ಏಳಮ್ಮಾ, ಎಲ್ಲರ ಮನೇಲೂ ಮಾಡೋದೇ ಅಲ್ವಾ," ಅಂದರು ಸೇರಿದ್ದವರು.

"ಏಳಲ್ಲ," ಅಂದೆ.

ಬೈದರು, ರಮಿಸಿದರು, ಒಬ್ಬರು ರಟ್ಟೆ ಹಿಡಿದು ಎಳೆದೂ ನೋಡಿದರು. ನಾನು ಅಳುತ್ತಾ ಕಿರುಚುತ್ತಾ ಕೂತಿದ್ದರೆ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದರೋ ಏನೋ. ನಾನು ಅಳುತ್ತಿರಲಿಲ್ಲ, ಅದೇ ಅವರಿಗೆ ಹೆದರಿಕೆಯಾಯಿತು. ಒಬ್ಬೊಬ್ಬರೇ ಟೋಪಿ ಎತ್ತಿಕೊಂಡು ಹೊರಟುಹೋದರು.

ಆಗಸ್ಟಿನಲ್ಲಿ ಅವನು ಸತ್ತ ದಿನದಿಂದಲೂ ನಾನು ಅತ್ತಿರಲಿಲ್ಲ. ಊರಿನವರಿಗೆ ಇದೇ ಮಾತು. 'ಕಲ್ಲು ಅಂದ್ರೆ ಕಲ್ಲು ಕಣ್ರೀ, ಒಂದು ಹನಿ ಬರಲಿಲ್ಲ.' ಬರಲಿಲ್ಲ, ಏನು ಮಾಡಲಿ? ಈರುಳ್ಳಿ ಹೆಚ್ಚಲೇ? ಬೆಳಿಗ್ಗೆ ಏಳುತ್ತಿದ್ದೆ, ಮೀನು ತೊಳೆಯುತ್ತಿದ್ದೆ, ಒಲೆ ಹಚ್ಚುತ್ತಿದ್ದೆ, ಉಪ್ಪು ಹಾಕಿದೆನೋ ಇಲ್ಲವೋ ತಿನ್ನುವಾಗಲೂ ತಿಳಿಯುತ್ತಿರಲಿಲ್ಲ. ಹಲ್ಲು ಕೀಳಿಸೋ ಮುಂಚೆ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗೆ. ಮೈಯೆಲ್ಲ ಹಾಗೆ. ಅವನು ಮನೆಯಲ್ಲಿ ಇದ್ದಾನೆ ಅಂತ ಅನಿಸುತ್ತಿತ್ತೇ ಅಂದರೆ, ಇಲ್ಲ. ಹೋದ ಅಂತಲೂ ಅನಿಸುತ್ತಿರಲಿಲ್ಲ. ಅವನನ್ನು ಕಳಿಸಿಕೊಡೋ ಮನಸ್ಸು ಮಾತ್ರ ನನಗಿರಲಿಲ್ಲ. ಉಳಿದಿದ್ದು ಅದೊಂದೇ, ಅದನ್ನೂ ಯಾಕೆ ಬಿಟ್ಟುಕೊಡಲಿ?

ಅತ್ತೆಗೆ ಅದಕ್ಕೆ ಸರಿಯಾಗಿ ಎದುರು ಚಿಂತೆ. ಅವರ ಹೆಸರು ಯುಲಾಲಿ. ಎಂಬತ್ತು ದಾಟಿದವರು, ನಮ್ಮ ಜೊತೆಗೇ ಇರುವವರು, ಇನ್ನೂ ಕೊಡಲಿ ಹಿಡಿದು ಸೌದೆ ಸೀಳುವವರು. ಮಗ ಮುಂಬಾಗಿಲಲ್ಲಿ ಹಸಿದುಕೊಂಡು ನಿಂತ ಹಾಗೆ ಅವರಿಗೆ ದಿನಾ ಕನಸು. "ನನ್ನ ಕೂಸು ಬೀದಿಪಾಲಾಗಿದೆ ಕಣೇ, ನಿನ್ನಿಂದ," ಅಂತ ನನ್ನ ಮುಖಕ್ಕೇ ಹೇಳುತ್ತಿದ್ದರು. ಕ್ರಿಸ್‌ಮಸ್ ಬಂದಾಗ ಅವರಿಗೆ ಈ ಚಿನ್ನದ ಉಪಾಯ ಹೊಳೆಯಿತು. ಸಾಮಾನು ಕದಲಿಸಲು ಸೊಸೆ ಬಿಡಲ್ಲ, ಸರಿ, ಗೋಡೆಯನ್ನೇ ಬೇರೆ ಮಾಡೋಣ ಅಂತ.

ಬಡಿದಾಡುತ್ತೇನೆ ಅಂದುಕೊಂಡಿದ್ದರು. ನಾನು ಒಂದೇ ಮಾತಿಗೆ ಒಪ್ಪಿದೆ. "ಬಳೀರಿ ಅತ್ತೆ. ನಾನೂ ಕೈ ಹಾಕ್ತೀನಿ. ಸಾಮಾನು ಮಾತ್ರ ಆಮೇಲೆ ಇದ್ದ ಜಾಗಕ್ಕೇ ಬರಬೇಕು," ಅಂದೆ.

ಯಾಕೆ ಒಪ್ಪಿದೆ ಅಂದರೆ, ಆಲ್ಫಿಯಸ್ ಕುರುಡ. ಹದಿನೇಳರ ಹುಡುಗನಾಗಿದ್ದಾಗ ಜ್ವರ ಬಂದು ಎರಡು ಕಣ್ಣೂ ಹೋಗಿದ್ದವು. ನಾನು ಅವನನ್ನು ಕಂಡಿದ್ದು ಆಮೇಲೆ, ಮದುವೆಯಾದದ್ದು ಆಮೇಲೆ, ಈ ಮನೆ ಕಟ್ಟಿದ್ದು ಅದಕ್ಕೂ ಆಮೇಲೆ. ಇದರ ಗೋಡೆ ಹಸಿರೋ ನೀಲಿಯೋ ಅವನು ಒಂದು ದಿನವೂ ನೋಡಿದವನಲ್ಲ. ಅವನಿಗೆ ಮನೆ ಅಂದರೆ ಗೋಡೆ ಸವರಿಕೊಂಡು ನಡೆದರೆ ಮೇಜಿನ ಮೂಲೆ, ಮೇಜು ಬಿಟ್ಟರೆ ಕುರ್ಚಿಯ ಬೆನ್ನು, ಕುರ್ಚಿಯಿಂದ ಕೈ ಚಾಚಿದರೆ ಕಿಟಕಿ. ಅಂಥವನಿಗೆ ಚಿನ್ನ ಬಳಿದರೇನು, ಮಸಿ ಬಳಿದರೇನು? ಅತ್ತೆ ಡಬ್ಬಗಟ್ಟಲೆ ಬಳಿಯಲಿ. ಅವನು ಎಂದಿನ ಹಾಗೆ ಗೋಡೆ ಹಿಡಿದುಕೊಂಡು ಒಳಗೆ ಬರುತ್ತಾನೆ.

ಹೆತ್ತ ತಾಯಿಗೆ ಇಷ್ಟು ಗೊತ್ತಿರಲಿಲ್ಲವೇ ಅಂತ ಕೇಳುತ್ತೀರಿ. ಅವರು ಮಗನನ್ನು ಕುರುಡ ಅಂತ ಯಾವತ್ತೂ ಬಾಯಿಬಿಟ್ಟು ಅಂದವರಲ್ಲ. "ಕಣ್ಣು ಸ್ವಲ್ಪ ಮಂಜು" ಅನ್ನೋರು. ಚರ್ಚಿಗೆ ಹೊಸ ಅಂಗಿ ಹೊಲಿಸಿದರೆ ಅವನ ಮುಂದೆ ಹಿಡಿದು, "ನೋಡಪ್ಪಾ, ಈ ನೀಲಿ ನಿನಗೆ ಎಷ್ಟು ಒಪ್ಪುತ್ತೆ" ಅನ್ನೋರು. ಅವನೂ ತಲೆ ಆಡಿಸಿ, "ಹೂಂನಮ್ಮಾ, ತುಂಬಾ ಚೆನ್ನಾಗಿದೆ" ಅನ್ನೋನು. ತಾಯಿ ಮಗನ ಆ ನಾಟಕಕ್ಕೆ ನಾನು ಅಡ್ಡ ಬಂದವಳಲ್ಲ. ಈಗ ಅದೇ ನನ್ನ ಕೈಹಿಡಿಯಿತು ಅಂದುಕೊಂಡೆ.

ಬಣ್ಣ ತರಲು ಗ್ರಾಂಡ್ ಪೇಟೆಗೆ ಹೋದೆವು, ಅತ್ತೆ, ನಾನು, ನಾದಿನಿ ಜೆಸಿಂತ್. ಜೆಸಿಂತ್ ನಮ್ಮ ಪಕ್ಕದ ಊರಿನಲ್ಲೇ ಇರುವವಳು, ಮೀನು ಮಾರುವವಳು, ಬಾಯಿ ಅಂದರೆ ಬಾಯಿ. ಅಂಗಡಿಯವನು ಬಣ್ಣದ ಚೀಟಿಗಳ ಗೊಂಚಲು ಬಿಡಿಸಿ ಒಂದೊಂದೇ ತೋರಿಸಿದ. ಅತ್ತೆ ಯಾವುದಕ್ಕೂ ಒಪ್ಪಲಿಲ್ಲ. ಇದು ಬೆಣ್ಣೆ, ಇದು ಕೋಳಿಮರಿ, ಇದು ಮಗುವಿನ ಲಂಗೋಟಿ ಅಂತ ಹೆಸರಿಟ್ಟು ತಳ್ಳಿದರು. ಕೊನೆಗೆ ತಮ್ಮ ಕಿವಿಯ ಓಲೆ ಬಿಚ್ಚಿ ಟಪ್ ಅಂತ ಕೌಂಟರಿನ ಮೇಲಿಟ್ಟರು.

"ಇದು ನಮ್ಮಮ್ಮಂದು. ಈ ಬಣ್ಣ ಬರಬೇಕು. ಹೊಸ ಚಿನ್ನ ಅಲ್ಲ, ಹಳೇ ಚಿನ್ನ."

ಅವನು ಓಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಅಜ್ಜೀ, ಇಷ್ಟು ಗಾಢ ಬಣ್ಣ ಮನೆಯೊಳಗೆ ಬಳಿದ್ರೆ ಮನೆ ಚಿಕ್ಕದಾಗಿ ಕಾಣುತ್ತೆ. ಒಂದು ಗೋಡೆಗೆ ಸಾಕು, ಮಿಕ್ಕಿದ್ದಕ್ಕೆ ತಿಳಿ ಬಣ್ಣ ಹಾಕಿ."

"ನೀನು ಬಂದು ಇರ್ತೀಯೇನಪ್ಪ ನಮ್ಮನೇಲಿ?"

"ಇಲ್ಲ ಅಜ್ಜಿ."

"ಹಾಗಾದ್ರೆ ಬೆರೆಸು."

ಅವನು ಹಳದಿಗೆ ಕೆಂಪು ಮಣ್ಣಿನ ಬಣ್ಣ ಹನಿಸಿದ, ಒಂದು ಚೂರು ಕಪ್ಪು ಹನಿಸಿದ, ಕಲಕಿದ, ಹಲಗೆಯ ಮೇಲೆ ಹಚ್ಚಿ ಒಣಗಿಸಿ ಓಲೆಯ ಪಕ್ಕ ಇಟ್ಟ. ಅತ್ತೆ ಬೇಡ ಅಂದರು. ಮತ್ತೆ ಹನಿಸಿದ. ನಾನು ಬಾಗಿಲ ಹತ್ತಿರ ನಿಂತು ರಸ್ತೆ ನೋಡುತ್ತಿದ್ದೆ. ಜೆಸಿಂತ್ ಬಂದು ನನ್ನ ಕಿವಿಯಲ್ಲಿ, "ಸಾವಾದ ಮನೆಗೆ ಚಿನ್ನ! ಊರವರು ಏನಂತಾರೋ ಅತ್ತಿಗೆ," ಅಂದಳು. ಅನ್ನಲಿ ಅಂದೆ. "ನಿನಗೇನೂ ಅನಿಸಲ್ವಾ?" ಅಂದಳು. ಅನಿಸಲ್ಲ ಅಂದೆ. ನಿಜವನ್ನೇ ಹೇಳಿದ್ದು.

ಬಣ್ಣದ ಮುಂಚೆ ಗೋಡೆ ತೊಳೆಯಬೇಕು. ಆ ಕೆಲಸ ನಾನೇ ಮಾಡುತ್ತೇನೆ ಅಂದೆ. ಬಾಗಿಲಿನಿಂದ ಅಡುಗೆಮನೆವರೆಗೆ, ಅಲ್ಲಿಂದ ಮಲಗೋ ಕೋಣೆವರೆಗೆ, ಸೊಂಟದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಕಂದು ಪಟ್ಟೆ ಓಡಿತ್ತು. ಆಲ್ಫಿಯಸ್ ಕೈ ಸವರಿ ಸವರಿ ಆದದ್ದು. ಬಲೆಯ ದಾರಕ್ಕೆ ಹಚ್ಚುವ ಎಣ್ಣೆ, ಬೆವರು, ಮೀನು, ಎಲ್ಲ ಸೇರಿ ಕಚ್ಚಿಕೊಂಡಿತ್ತು. ಪ್ರತಿ ಕ್ರಿಸ್‌ಮಸ್ಸಿಗೂ ಉಜ್ಜಿ ತೊಳೆದು ಬಣ್ಣ ಬಳಿಯುತ್ತಿದ್ದೆವು, ಈಸ್ಟರ್ ಹೊತ್ತಿಗೆ ಮತ್ತೆ ಬಂದಿರುತ್ತಿತ್ತು. "ಹೊಸ ಗೋಡೆ ಮೇಲೆ ಏನು ರಸ್ತೆ ಹಾಕ್ತಿದೀಯಾ?" ಅಂತ ನಾನು ಬೈದರೆ, "ನಿನ್ನ ಹತ್ರ ಬರೋಕೆ ದಾರಿ ಬೇಡ್ವೇನೇ?" ಅನ್ನೋನು. ಆಗೆಲ್ಲ ಈ ಮಾತಿಗೆ ನಾನು ಸೌಟು ತೋರಿಸುತ್ತಿದ್ದೆ.

ಗೋಡೆಯೆಲ್ಲ ಸೋಪು ಹಾಕಿ ಉಜ್ಜಿದೆ. ಆ ಪಟ್ಟೆಯನ್ನು ಬಿಟ್ಟೆ. ಮೇಲೆ ಒದ್ದೆ ಬಟ್ಟೆ ಆಡಿಸಿ ತೊಳೆದ ಹಾಗೆ ಕಾಣಿಸಿದೆ, ಅಷ್ಟೇ. ಅವನ ದಾರಿಯನ್ನು ನನ್ನ ಕೈಯಾರೆ ಅಳಿಸಲಾರೆ. ಬಣ್ಣ ಅದರ ಮೇಲೆ ಬೇಕಾದರೆ ಕೂರಲಿ.

ಜೆಸಿಂತ್ ರೋಲರ್ ಹಿಡಿದಳು, ನಾನು ಬ್ರಷ್ಷಿನಲ್ಲಿ ಮೂಲೆ, ಕಿಟಕಿಯ ಅಂಚು. ಅತ್ತೆ ನೆಲಕ್ಕೆ ಹಳೇ ಪೇಪರ್ ಹಾಸಿಕೊಂಡು ಡಬ್ಬದ ಮೇಲೆ ಕೂತು ಮೇಸ್ತ್ರಿಕೆ. ಗಾಢ ಚಿನ್ನ ಅನ್ನೋದು ಅಷ್ಟು ಸುಲಭಕ್ಕೆ ಬಗ್ಗುವ ಬಣ್ಣ ಅಲ್ಲ. ಡಬ್ಬದಲ್ಲಿ ರಾಣಿ ಹಾಗೆ ಇತ್ತು, ಗೋಡೆಗೆ ಏರಿದ ಕೂಡಲೆ ಅಡಿಯಲ್ಲಿದ್ದ ಹಳೇ ಸಮುದ್ರ ಹಸಿರು ಬಣ್ಣ ಎದ್ದು ಕಂಡು, ಅಲ್ಲಲ್ಲಿ ಪಿತ್ತ ಕಾರಿದ ಹಾಗಾಯಿತು.

"ಅಮ್ಮಾ, ಇದಾ ನಿನ್ನ ಅಮ್ಮನ ಓಲೆ?" ಜೆಸಿಂತ್ ರೋಲರ್ ಇಳಿಸಿ ನಕ್ಕಳು. "ಸಾಸಿವೆ ಬಾಟ್ಲಿ ಒಡೆದ ಹಾಗಿದೆ. ಅಣ್ಣ ಏನು, ನಾವೇ ಮನೆ ಬಿಟ್ಟು ಓಡಬೇಕು."

"ಬಾಯಿ ಮುಚ್ಚಿಕೊಂಡು ಬಳಿ. ಮೊದಲನೇ ಕೈಗೇ ಚೆಂದ ಆಗೋಕೆ ಅದೇನು ನಿನ್ನ ಮುಖಕ್ಕೆ ಹಚ್ಚೋ ಪೌಡರ್ರಾ?"

ಎರಡನೇ ಕೈಗೆ ಹಸಿರು ಮುಳುಗಿತು. ಬಣ್ಣ ಒಣಗುತ್ತಾ ಬಂದ ಹಾಗೆ ಗಾಢವಾಗುತ್ತಾ ಹೋಯಿತು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಕೋಣೆ ಚಿಕ್ಕದಾಯಿತು. ಗೋಡೆಗಳು ಎದ್ದು ಹತ್ತಿರ ಬಂದು ನಿಂತವು. ಜೆಸಿಂತ್ ಕೂಡ ಮಾತು ನಿಲ್ಲಿಸಿದಳು. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಚೆಂದ ಇದೆ ಅಂತ ನನ್ನ ಕಣ್ಣಿಗೆ ತಿಳಿಯಿತು. ಕಣ್ಣಿನಿಂದ ಕೆಳಗೆ ಏನೂ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕೂಗಿಕೊಂಡರು. ನಾನು ಅಡುಗೆಮನೆಯಿಂದ ಓಡಿಬಂದೆ, ಅಂಗಳದಲ್ಲಿ ಕುರ್ಚಿಗೆ ವಾರ್ನಿಷ್ ಹಚ್ಚುತ್ತಿದ್ದ ಜೆಸಿಂತ್ ಬ್ರಷ್ಷು ಹಿಡಿದುಕೊಂಡೇ ಬಂದಳು. ಚಿನ್ನದ ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಬಾಗಿಲಿನಿಂದ ಅಡುಗೆಮನೆವರೆಗೆ ಕಂದು ಪಟ್ಟೆ ಎದ್ದು ಬಂದಿತ್ತು.

"ನೋಡು! ನೋಡಿದ್ಯಾ? ಬಂದಿದ್ದ ಅವನು. ರಾತ್ರಿಯೆಲ್ಲ ಗೋಡೆ ಸವರಿಕೊಂಡು ಓಡಾಡಿದಾನೆ. ಚಿನ್ನ ಕಂಡರೂ ಹೋಗಿಲ್ಲ. ಅಯ್ಯೋ ನನ್ನ ಕಂದಾ..." ಅತ್ತೆ ಪಟ್ಟೆಗೆ ಬೆರಳು ತೋರಿಸುತ್ತಿದ್ದರು.

ಜೆಸಿಂತ್ ಹತ್ತಿರ ಹೋಗಿ ಉಗುರಿನಿಂದ ಕೆರೆದಳು, ಮೂಸಿ ನೋಡಿದಳು. "ಅಮ್ಮಾ, ಆತ್ಮನೂ ಅಲ್ಲ ಗೀತ್ಮನೂ ಅಲ್ಲ, ಜಿಡ್ಡು. ಅಣ್ಣನ ಕೈ ಜಿಡ್ಡು. ತೊಳೆಯದೇ ಬಳಿದ್ರೆ ಬಣ್ಣ ಕಚ್ಚಿಕೊಳ್ಳಲ್ಲ, ಮೇಲೆ ಬರುತ್ತೆ. ಅತ್ತಿಗೆ, ನೀನು ತೊಳೆದೆ ಅಂದ್ಯಲ್ಲ?"

"ಮಿಕ್ಕಿದ್ದೆಲ್ಲ ತೊಳೆದೆ," ಅಂದೆ.

"ಇದು?"

"ಇದನ್ನ ತೊಳೀಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಯಾಕೆ?"

ಸುಮ್ಮನಿರಬಹುದಿತ್ತು. ಮರೆತೆ ಅನ್ನಬಹುದಿತ್ತು. ನನಗೆ ರೇಗಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಏನಾದರೂ ಆಯಿತು ಅಂದರೆ ಅದೇ, ಸಣ್ಣ ರೇಗು. "ಯಾಕೆ ಅಂದ್ರೆ ಅವನು ಬರೋದು ಈ ದಾರೀಲಿ. ಅತ್ತೆ, ನೀವು ಚಿನ್ನ ಬಳೀರಿ, ವಜ್ರ ಅಂಟಿಸಿ, ಅವನಿಗೆ ಏನಾಗಬೇಕು? ಅವನು ಕುರುಡ. ನಿಮ್ಮ ಮಗ ಕುರುಡ. ಈ ಗೋಡೆ ಬಣ್ಣ ಅವನು ಎಂದಾದ್ರೂ ನೋಡಿದಾನಾ, ಈಗ ನೋಡಿ ದಾರಿ ತಪ್ಪೋಕೆ? ಅದಕ್ಕೇ ನಾನು ಹೂಂ ಅಂದಿದ್ದು. ಗೊತ್ತಿದ್ದೇ ಹೂಂ ಅಂದೆ."

ಆ ಶಬ್ದವನ್ನು ಈ ಮನೆಯೊಳಗೆ ಅವರ ಎದುರು ಯಾರೂ ಆಡಿರಲಿಲ್ಲ. ಜೆಸಿಂತ್ ಹಣೆ ಹಣೆ ಚಚ್ಚಿಕೊಂಡಳು. ಅತ್ತೆ ನನಗೆ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೂ ನನಗೇನೂ ಬೇಜಾರಿರಲಿಲ್ಲ.

ಅವರು ನಿಧಾನವಾಗಿ ಹೋಗಿ ಡಬ್ಬದ ಮೇಲೆ ಕೂತರು.

"ಹೌದಮ್ಮ. ಕುರುಡ," ಅಂದರು. "ಹೆತ್ತವಳು ನಾನು, ನನಗೆ ಗೊತ್ತಿಲ್ಲದೆ ಇರುತ್ತಾ? ಹದಿನೇಳು ವರ್ಷದ ಹುಡುಗ ಬೆಳಿಗ್ಗೆ ಎದ್ದು, ಅಮ್ಮಾ, ಇನ್ನೂ ಬೆಳಗಾಗಿಲ್ವಾ ಅಂತ ಕೇಳಿದ. ಸೂರ್ಯ ನೆತ್ತಿ ಮೇಲಿದ್ದ. ಅವತ್ತೇ ಗೊತ್ತಾಯ್ತು ನನಗೆ." ನನ್ನ ಮುಖ ನೋಡಿದರು. "ಇಲ್ಲಿ ಕುರುಡ, ಆಯ್ತು. ಅಲ್ಲೂ ಕುರುಡನಾಗೇ ಇರಲಿ ಅಂತೀಯೇನೇ ಒಡೆಟ್?"

ನಾನು ಗೋಡೆಯ ಪಟ್ಟೆ ನೋಡುತ್ತಾ ನಿಂತೆ.

"ಮಣ್ಣು ಹಾಕಿದ ದಿನ ಪಾದ್ರಿ ಏನಂದ್ರು? ನೀನೂ ಅಲ್ಲೇ ನಿಂತಿದ್ದೆ. ಇವತ್ತಿಂದ ಆಲ್ಫಿಯಸ್‌ಗೆ ಕಣ್ಣು ಬಂತು ಅಂದ್ರು. ಆ ಒಂದು ಮಾತು ಹಿಡ್ಕೊಂಡೇ ನಾನು ಬದುಕಿದೀನಿ. ಕಣ್ಣು ಬಂದಿರೋ ಮಗ ಮನೆ ಬಾಗಿಲಿಗೆ ಬರ್ತಾನೆ, ಒಳಗೆ ನೋಡ್ತಾನೆ. ನೋಡಿದ್ರೆ ಏನು ಕಾಣಬೇಕು? ಮಾಸಿದ ಹಸಿರಾ? ಹೋಗೋ ಮುಂಚೆ ಒಂದೇ ಒಂದು ಸಲ, ಬಣ್ಣ ಅಂದ್ರೆ ಇದು ಅಂತ ಕಣ್ತುಂಬ ನೋಡಿ ಹೋಗಲಿ ಅಂತ ಚಿನ್ನ ತಂದೆ. ನೀನು ನೋಡಿದ್ರೆ ಅವನು ಅಲ್ಲೂ ಗೋಡೆ ಸವರಿಕೊಂಡು, ಮೂಲೆಗೆ ಮೊಣಕಾಲು ತಾಗಿಸಿಕೊಂಡು ಓಡಾಡಲಿ ಅಂತೀಯ. ನಿನ್ನ ಹತ್ರ ಇರ್ತಾನೆ ಅಂತ."

ಅವರು ಗದರಿಸಿ ಹೇಳಲಿಲ್ಲ. ಗದರಿಸಿದ್ದರೆ ನಾನು ತಿರುಗಿ ಬೀಳುತ್ತಿದ್ದೆ. ಸುಸ್ತಾದವರ ಹಾಗೆ ಹೇಳಿದರು, ನಂತರ ಅಂಗಿಯ ಅಂಚಿನಿಂದ ಮೂಗು ಒರೆಸಿಕೊಂಡರು.

ಅವನು ಇಲ್ಲಿ ಉಳಿಯಬೇಕಾದರೆ ಕುರುಡನಾಗಿಯೇ ಉಳಿಯಬೇಕು. ನಾನು ಕಾಯ್ದುಕೊಂಡಿದ್ದು ಅದನ್ನು. ಬಕೆಟ್ಟಿಗೆ ನೀರು ತುಂಬಿಸಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರು ತೆಗೆದುಕೊಂಡೆ. ಬಾಗಿಲ ಹತ್ತಿರದಿಂದ ಶುರುಮಾಡಿದೆ. ಜೆಸಿಂತ್ ಇನ್ನೊಂದು ನಾರು ತಂದು ಜೊತೆಗೆ ನಿಂತಳು, ಬೇಡ ಅಂದೆ. ಇದು ನನ್ನ ಕೆಲಸ. ಚಿನ್ನ ಕಿತ್ತು ಬಂತು, ಹಸಿರು ಕಿತ್ತು ಬಂತು, ಹಸಿರಿನ ಅಡಿ ಯಾವುದೋ ವರ್ಷದ ಗುಲಾಬಿ ಬಂತು, ಜೊತೆಗೇ ಜಿಡ್ಡು ಕರಗಿ ಮೊಣಕೈವರೆಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಗೋಡೆ ಸುಲಿದ ಹಾಗಾಗಿತ್ತು. ಪಟ್ಟೆ ಹೋಗಿತ್ತು. ಕೈ ಬೊಬ್ಬೆ ಎದ್ದಿತ್ತು, ಉರಿ ಮಾತ್ರ ಯಾರದೋ ಕೈಯಲ್ಲಿದ್ದ ಹಾಗಿತ್ತು.

ಮತ್ತೆ ಬಳಿದೆವು. ಮತ್ತೊಂದು ಕೈ, ಇನ್ನೊಂದು ಕೈ.

ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ಊರಿಗೆ ಊರೇ ವಾರ್ನಿಷ್ ವಾಸನೆ, ಹಂದಿಯ ಹ್ಯಾಮ್ ಬೇಯೋ ವಾಸನೆ. ಅಡುಗೆಮನೆಯಲ್ಲಿ ಪುಂಡಿ ಹೂವಿನ ಶರಬತ್ತು ಕುದಿಯುತ್ತಿತ್ತು. ನಾವು ಸಾಮಾನು ಒಳಗೆ ತಂದೆವು. ಅತ್ತೆ ನನ್ನ ಮುಖ ನೋಡಿದರು. "ಎಲ್ಲಿಡೋಣ ಹೇಳು," ಅಂದರು. ಇದ್ದ ಜಾಗಕ್ಕೇ ಅಂದಿದ್ದರೆ ಇಡುತ್ತಿದ್ದರು, ನನಗೆ ಗೊತ್ತು.

"ಮೇಜು ಆ ಕಡೆ," ಅಂದೆ. "ಮಂಚ ತಿರುಗಿಸಿ. ಕುರ್ಚಿ ನಿಮ್ಮ ಕೋಣೆಗೆ ತಗೊಳ್ಳಿ."

ಜೆಸಿಂತ್ ಹೊಸ ಬಿಳಿ ಪರದೆ ಹಾಕಿ, "ನಾನು ನಮ್ಮನೆ ಒಲೆ ನೋಡಬೇಕು, ಗಂಡ ಹ್ಯಾಮನ್ನ ಇದ್ದಿಲು ಮಾಡಿಬಿಡ್ತಾನೆ," ಅಂತ ಓಡಿದಳು. ಹೋಗುವಾಗ ನನ್ನ ಬೆನ್ನ ಮೇಲೆ ಒಂದು ಗುದ್ದು ಗುದ್ದಿದಳು. ಅವಳ ಪ್ರೀತಿ ಹಾಗೇ.

ಸಂಜೆ ಬಿಸಿಲು ಓರೆಯಾಗಿ ಒಳಗೆ ಬಿತ್ತು. ಚಿನ್ನ ಎದ್ದಿತು. ನೆಲ, ಪರದೆ, ನಮ್ಮಿಬ್ಬರ ಕೈಕಾಲು, ಎಲ್ಲ ಅದೇ ಬಣ್ಣವಾಯಿತು. ಅತ್ತೆ ಮುಂಬಾಗಿಲು ಪೂರ್ತಿ ತೆಗೆದು ಕಲ್ಲು ಒತ್ತು ಕೊಟ್ಟರು.

"ಈಗ ಬರ್ತಾನೆ ನೋಡು," ಅಂದರು. ನಂತರ ನನ್ನ ಹತ್ತಿರ ಬಂದು ಮೆತ್ತಗೆ, "ಒಡೆಟ್, ಒಂದು ಮಾತು. ಗೋಡೆಗೆ ಬಣ್ಣ ಬಳಿದ್ವಿ, ಸಾಮಾನು ತಿರುಗಿಸಿದ್ವಿ. ನಿನ್ನ ದನಿಗೆ ನಾನು ಏನೂ ಮಾಡೋಕಾಗಲ್ಲ. ಅದೊಂದು ಕೇಳಿದ್ರೆ ಸಾಕು ಅವನಿಗೆ. ಮಾತಾಡಬೇಡಮ್ಮ. ಸ್ವಲ್ಪ ಹೊತ್ತು."

ಆಗ ನನಗೆ ಹೊಳೆಯಿತು. ಅವನು ನನ್ನನ್ನೂ ನೋಡಿಲ್ಲ.

ಮದುವೆ ದಿನ ಹೆಂಗಸರು ನನಗೆ ಕೇಳೋ ಹಾಗೇ ಆಡಿಕೊಂಡಿದ್ದರು, 'ಪುಣ್ಯವಂತೆ ಬಿಡು, ಮುಖ ನೋಡಿ ಬೇಡ ಅನ್ನೋ ಗಂಡಲ್ಲ' ಅಂತ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ತಿಂದು, ಅವನಿಗೆ ನಾನು ಬೆರಳಿಗೆ ಗೊತ್ತು, ಕಿವಿಗೆ ಗೊತ್ತು, ಬೆವರ ವಾಸನೆಗೆ ಗೊತ್ತು. ಕಣ್ಣಿಗೆ ಗೊತ್ತಿಲ್ಲ. ಈಗ ಕಣ್ಣು ಬಂದಿದೆ. ಬಾಗಿಲಿಗೆ ಬಂದು ನೋಡಿದರೆ ಅವನಿಗೆ ಕಾಣುವುದು ಒಂದು ಚಿನ್ನದ ಮನೆ, ಅದರ ನಡುವೆ ಯಾರೋ ಒಬ್ಬಳು ವಯಸ್ಸಾದ ಹೆಂಗಸು. ನಾನು ಬಾಯಿ ಬಿಡದಿದ್ದರೆ ಸಾಕು. ಅವನು ನನ್ನ ಮುಖ ನೋಡುತ್ತಾನೆ, ಯಾರೋ ಅಂದುಕೊಳ್ಳುತ್ತಾನೆ, ಹೋಗುತ್ತಾನೆ.

ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಬಿಸಿಲು ಬೀಳುವ ಕಡೆ, ಬಾಗಿಲಿಗೆ ಎದುರಾಗಿ ಹೋಗಿ ನಿಂತೆ. ನೋಡುವುದಾದರೆ ಸರಿಯಾಗಿ ನೋಡಲಿ.

ರಸ್ತೆಯಲ್ಲಿ ಪಕ್ಕದ ಮನೆಯ ಪರ್ಲೀನ್ ಹೋಗುತ್ತಿದ್ದಳು. "ಅಬ್ಬಬ್ಬಾ! ಮನೆ ಏನು ಚೆಂದ ಮಾಡಿದೀರಮ್ಮ! ಕೇಕು ಕೊಡ್ತೀಯೋ ಇಲ್ವೋ?" ಅಂತ ಕೂಗಿದಳು. ನಾನು ಉತ್ತರ ಕೊಡಲಿಲ್ಲ. "ಏನು ಗರ್ವನಪ್ಪ, ಚಿನ್ನದ ಮನೆ ಆದ ಕೂಡಲೆ," ಅಂತ ಗೊಣಗಿಕೊಂಡು ಹೋದಳು.

ಅಂಗಳ ಖಾಲಿಯಾಯಿತು. ಗಾಳಿ ಇರಲಿಲ್ಲ, ಪರದೆ ಅಲುಗಲಿಲ್ಲ, ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಬದುಕಿದ್ದಾಗ ಆಲ್ಫಿಯಸ್ ದಿನಾ ಸಮುದ್ರದ ಕಡೆಯಿಂದ ಬಂದು ಹೊಸಿಲ ಮೇಲೆ ಕೋಲು ಕುಟ್ಟಿ, "ಇದೀಯೇನೇ?" ಅನ್ನೋನು. ಮನೆಯ ಯಾವ ಮೂಲೆಯಲ್ಲಿದ್ದರೂ ನಾನು, "ಇದೀನಿ, ಬಾ," ಅನ್ನಬೇಕಿತ್ತು. ಅದನ್ನು ಕೇಳದೆ ಅವನು ಒಳಗೆ ಕಾಲಿಡುತ್ತಿರಲಿಲ್ಲ. ಸಿಟ್ಟು ಬಂದಿದ್ದ ದಿನ ಸಹ, ಮಾತು ಬಿಟ್ಟಿದ್ದ ದಿನ ಸಹ, ಅದೊಂದಕ್ಕೆ ಮಾತ್ರ ನಾನು ಉತ್ತರ ಕೊಡದೇ ಇದ್ದದ್ದಿಲ್ಲ.

ಮಾತು ಗಂಟಲಿಗೆ ಬಂತು. ನಾಲಿಗೆ ಎದ್ದಿತು. ನಾನು ಕೈಯನ್ನು ಬಾಯಿಗೆ ತುರುಕಿ ಕಚ್ಚಿಕೊಂಡೆ. ಬೊಬ್ಬೆ ಒಡೆಯಿತು. ನೋವಾಯಿತು, ದೇವರೇ, ಎಷ್ಟು ನೋವಾಯಿತು, ಕೈಯಿಂದ ಹಿಡಿದು ಎದೆಯವರೆಗೆ, ಹೊಟ್ಟೆಯವರೆಗೆ. ಕಣ್ಣಿನಿಂದ ನೀರು ಇಳಿಯಿತು, ಮೂಗಿನಿಂದ ಇಳಿಯಿತು. ಸದ್ದು ಮಾಡಲಿಲ್ಲ. ಬಾಗಿಲಿಗೆ ಮುಖ ಕೊಟ್ಟುಕೊಂಡು ನಿಂತೇ ಇದ್ದೆ. ಅತ್ತೆ ನನ್ನ ಸೊಂಟ ಹಿಡಿದುಕೊಂಡು ಜೊತೆಗೆ ನಿಂತರು, ಅವರೂ ಉಸಿರು ಬಿಡಲಿಲ್ಲ.

ಬಿಸಿಲು ಗೋಡೆ ಬಿಟ್ಟು ಹೋಗುವವರೆಗೂ ಹಾಗೇ 'ಇದೀನಿ' ಅನ್ನದೆ ನಿಂತಿದ್ದೆ. ಆಮೇಲೆ ಅತ್ತೆ ಹೋಗಿ ಬಾಗಿಲು ಹಾಕಿದರು.